"ಯಾಕೆ?" ಎಂದು ಕೇಳುವ ಕೂಸು



ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನವುಲೆಯಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ನೀರು ನಿಂತಿತ್ತು. ಮಧ್ಯಾಹ್ನದಲ್ಲಿ ಬಿಸಿಲು ಬಂದು, ಸಾಯಂಕಾಲವಾಗುವಷ್ಟರೊಳಗೆ ನೆಲವು ಒಣಗಿತು. ನಾಲ್ಕು ವರುಷದ ನಮ್ಮ ಮಗನು ಹತ್ತಿರ ಬಂದು, "ಅಪ್ಪಾ, ನೀರು ಎಲ್ಲಿಗೆ ಹೋಯಿತು?" ಎಂದು ಕೇಳಿದನು. ನಾವು ಬರೆಯುವ ಕೆಲಸದಲ್ಲಿದ್ದು, "ಸುಮ್ಮನಿರು, ಯಾವಾಗಲೂ ಪ್ರಶ್ನೆಯೇ!" ಎಂದು ಗದರಿಸಿದೆವು. ಅವನು ಬಾಯಿ ಮುಚ್ಚಿಕೊಂಡು ಹೋದನು. ಆ ದಿವಸವೂ ಮರುದಿವಸವೂ ಅವನು ನಮ್ಮನ್ನು ಏನೂ ಕೇಳಲಿಲ್ಲ. ಆ ಮೌನವೇ ನಮಗೆ ಪಾಠವಾಯಿತು. ಆದಕಾರಣ ಈ ತಿಂಗಳು, ಶಾಲೆಗೆ ಹೋಗುವ ಮುಂಚೆ ಮಕ್ಕಳಲ್ಲಿ ವಿವೇಚನಾಶಕ್ತಿಯನ್ನು ಬೆಳಿಸುವದು ಹೇಗೆಂಬದನ್ನು ಕುರಿತು ವಿಚಾರಿಸೋಣ.

ವಿವೇಚನೆಯೆಂದರೇನು? ಕಂಡದ್ದನ್ನೂ ಕೇಳಿದ್ದನ್ನೂ ಹಾಗೆಯೇ ನುಂಗದೆ, "ಇದು ನಿಜವೋ? ಹೇಗೆ ತಿಳಿಯುವದು?" ಎಂದು ತೂಗಿ ನೋಡುವದೇ ವಿವೇಚನೆ. ಇದು ದೊಡ್ಡವರಿಗೆ ಮಾತ್ರ ಸೇರಿದ್ದೆಂದು ಎಣಿಸಬಾರದು. ಆರು ವರುಷ ತುಂಬುವಷ್ಟರೊಳಗೆ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ 10 ಪಾಲಿನಲ್ಲಿ ಸುಮಾರು 9 ಪಾಲಿನಷ್ಟು ಬೆಳೆದಿರುತ್ತದೆ. ಹೊಲವು ಹದವಾಗಿರುವಾಗ ಬಿತ್ತದೆ, ನೆಲ ಗಟ್ಟಿಯಾದ ಮೇಲೆ ಬೀಜವನ್ನು ಹುಡುಕುವ ಒಕ್ಕಲಿಗನುಂಟೋ?

ನಮ್ಮ ಸರಕಾರವೂ ಇದನ್ನು ತಿಳಿದುಕೊಂಡಿದೆ. 1975ನೇ ಇಸವಿ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಟಿ. ನರಸೀಪುರದಲ್ಲಿ ನಡೆಯಿತು. ಅಂಗನವಾಡಿಯು ಊಟ ಹಾಕುವ ಮನೆ ಮಾತ್ರವೆಂದು ಅನೇಕರು ನೆನಸುತ್ತಾರೆ. ಹಾಗಲ್ಲ; 3ರಿಂದ 6 ವರುಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡುವದೂ ಅದರ ಕೆಲಸಗಳಲ್ಲೊಂದು. 2020ನೇ ಇಸವಿಯ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರುಷದ ವರೆಗಿನ ಕಾಲವನ್ನು ಕಲಿಕೆಯ ಬುನಾದಿಯೆಂದು ಎಣಿಸಿದೆ. ಅದಕ್ಕಿಂತ ಬಹಳ ಮುಂಚೆಯೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟಪಾಟಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯತ್ನವನ್ನು ಮಾಡಿದ್ದರು. ಆದರೂ ಮಗುವಿನ ಮೊದಲನೆಯ ಪಾಠಶಾಲೆ ಮನೆಯೇ. ಅಲ್ಲಿ ನಾವು ಮಾಡತಕ್ಕವುಗಳು ಇವು.

ಮೊದಲನೆಯದು: ಉತ್ತರವನ್ನು ಕೂಡಲೇ ಹೇಳಿಬಿಡಬಾರದು. ನಾವು ಮಗನನ್ನು ಕರೆದು, "ಆ ನೀರು ಎಲ್ಲಿಗೆ ಹೋಯಿತೆಂದು ನಿನಗೆ ತೋರುತ್ತದೆ?" ಎಂದು ಕೇಳಿದೆವು. "ಕೋಳಿ ಕುಡಿಯಿತು" ಅಂದನು. ನಾವು ನಗಲಿಲ್ಲ. ಕೋಳಿ ನೀರು ಕುಡಿಯುವದನ್ನು ಅವನು ಕಂಡಿದ್ದನು. ಕಂಡದ್ದರಿಂದ ಕಾರಣವನ್ನು ಹುಡುಕಿದನು. ಆ ಉತ್ತರವು ತಪ್ಪಾದರೂ ಅದು ವಿಚಾರದ ಮೊದಲನೆಯ ಮೆಟ್ಟಲು.

ಎರಡನೆಯದು: ಪರೀಕ್ಷಿಸುವದಕ್ಕೆ ದಾರಿ ತೋರಿಸಬೇಕು. "ಕೋಳಿಯೇ ಕುಡಿಯಿತೋ ಇಲ್ಲವೋ ಎಂದು ತಿಳಿಯುವದು ಹೇಗೆ?" ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, "ಮುಚ್ಚಿಡೋಣ" ಅಂದನು. ಒಂದು ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ಬಿಸಿಲಲ್ಲಿಟ್ಟು, ಕಂಡಿಗಳಿರುವ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿದೆವು. ಸಾಯಂಕಾಲದಲ್ಲಿ ನೋಡಲಾಗಿ ನೀರು ಕಡಿಮೆಯಾಗಿತ್ತು. ಕೋಳಿ ಕುಡಿಯಲಿಲ್ಲ, ತಟ್ಟೆಯಲ್ಲಿದ್ದದರಿಂದ ನೆಲವೂ ಹೀರಲಿಲ್ಲ. ಹಾಗಾದರೆ? ಆಗ ಅವನು ಮೇಲಕ್ಕೆ ನೋಡಿ, "ಬಿಸಿಲು ತೆಗೆದುಕೊಂಡಿತೋ?" ಎಂದು ಕೇಳಿದನು. ಒದ್ದೆ ಬಟ್ಟೆ ಒಣಗುವ ಹಾಗೆ ನೀರು ಆವಿಯಾಗಿ ಗಾಳಿಯಲ್ಲಿ ಸೇರುವದನ್ನು ಆಗ ಹೇಳಿಕೊಟ್ಟೆವು. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಮೂರನೆಯದು: ಮಗುವಿನ ವಯಸ್ಸನ್ನು ಅರಿತು ತಾಳ್ಮೆಯಿಂದಿರಬೇಕು. ಸ್ವಿಟ್ಸರ್ಲೆಂಡ್ ದೇಶದ ಜೀನ್ ಪಿಯಾಜೆ (1896–1980) ಎಂಬ ಪಂಡಿತನು ಮಕ್ಕಳ ಮುಂದೆ ಸಮವಾದ ಎರಡು ಪಾತ್ರೆಗಳಲ್ಲಿ ಸಮವಾಗಿ ನೀರಿಟ್ಟು, ಒಂದರ ನೀರನ್ನು ಉದ್ದವಾದ ಸಪುರ ಪಾತ್ರೆಗೆ ಸುರಿದು, ಯಾವುದರಲ್ಲಿ ಹೆಚ್ಚೆಂದು ಕೇಳುತ್ತಿದ್ದನು. ಆರೇಳು ವರುಷಕ್ಕಿಂತ ಚಿಕ್ಕವರು ಸಾಮಾನ್ಯವಾಗಿ ಉದ್ದದ ಪಾತ್ರೆಯನ್ನೇ ತೋರಿಸುತ್ತಿದ್ದರು. ಇದು ದಡ್ಡತನವಲ್ಲ, ಬೆಳವಣಿಗೆಯ ಕ್ರಮ. ಇಂಥಾ ಪರೀಕ್ಷೆಗಳನ್ನು ಮಕ್ಕಳಿಗೆ ಪರಿಚಯವಾದ ಆಟದ ರೀತಿಯಲ್ಲಿ ಮಾಡಿದಾಗ ಇನ್ನೂ ಚಿಕ್ಕವರೂ ಸರಿಯಾಗಿ ಉತ್ತರಿಸುವದನ್ನು ಮುಂದಿನ ಪಂಡಿತರು ಕಂಡರು. ಆದದರಿಂದ ಕೇಳುವ ರೀತಿಯು ಬಹಳ ಮುಖ್ಯ. ಅಡಿಕೆಯನ್ನು ದೊಡ್ಡದು ಚಿಕ್ಕದೆಂದು ವಿಂಗಡಿಸುವಾಗ ಮಗುವನ್ನೂ ಕೂರಿಸಿ, "ಇದನ್ನು ಈ ರಾಶಿಗೆ ಯಾಕೆ ಹಾಕಿದಿ?" ಎನ್ನಿರಿ. ಹುಣಿಸೇ ಬೀಜಗಳಿಂದ ಚೆನ್ನೆಮಣೆ ಆಡಿಸಿರಿ. ರಾತ್ರಿಯಲ್ಲಿ ಅಜ್ಜಿಯು ಒಗಟು ಹೇಳಲಿ, ಕಥೆಯನ್ನು ನಡುವೆ ನಿಲ್ಲಿಸಿ, "ಮುಂದೆ ಏನಾಗಬಹುದು?" ಎಂದು ಕೇಳಲಿ.

ನಾಲ್ಕನೆಯದು: ನಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಬೇಕು. ಹಿರಿಯರು ಸುಳ್ಳು ಕಾರಣ ಹೇಳಿದರೆ, ಅಥವಾ ಗುಮ್ಮನ ಹೆದರಿಕೆ ಹಾಕಿದರೆ, ಮಗುವು ಹೆದರಿಕೆಯನ್ನು ಕಲಿಯುವದೇ ಹೊರತು ಸತ್ಯವನ್ನು ಕಲಿಯಲಾರದು.

ಇಲ್ಲಿ ಒಬ್ಬ ತಾಯಿಯು ನಮ್ಮನ್ನು ಕೇಳಿದಳು: "ಅಯ್ಯನವರೇ, ಹೀಗೆ ಕಲಿಸಿದರೆ ಮಕ್ಕಳು ಮಾತು ಕೇಳದವರಾಗುವದಿಲ್ಲವೇ?" ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಬೆಂಕಿ, ಬಾವಿ, ಸವಳಂಗ ರಸ್ತೆಯ ಬಸ್ಸು, ಇವುಗಳ ಹತ್ತಿರ ಮೊದಲು ವಿಧೇಯತೆ, ಆಮೇಲೆ ಕಾರಣ. ಆದರೆ ಆ ಕಾರಣವನ್ನು ತಪ್ಪದೆ ಹೇಳಬೇಕು. ಇನ್ನೊಂದು ಸಂಗತಿಯನ್ನೂ ಆಲೋಚಿಸಿರಿ. ದೊಡ್ಡವರು ಹೇಳಿದ್ದಕ್ಕೆಲ್ಲಾ ಹೂಂಗುಟ್ಟುವ ಮಗುವು, ಗುರುತಿಲ್ಲದವನು ಮಿಠಾಯಿ ತೋರಿಸಿ, "ಬಾ, ಅಮ್ಮನಿಗೆ ಹೇಳಬೇಡ" ಅಂದರೂ ಹೂಂಗುಟ್ಟುವದು. "ಅಮ್ಮನಿಗೆ ಯಾಕೆ ಹೇಳಬಾರದು?" ಎಂದು ಕೇಳಿ ಓಡಿಬರುವ ಮಗುವೇ ಉಳಿಯುವದು. ಆ ಧೈರ್ಯವನ್ನು ಅದು ಮನೆಯಲ್ಲಿಯೇ ಕಲಿಯಬೇಕಷ್ಟೆ.

ಈಗ ನಮ್ಮ ಮಗನು ಮತ್ತೆ ಕೇಳುತ್ತಾನೆ. ಕೆಲವು ದಿವಸ ಬೇಸರವೂ ಆಗುತ್ತದೆ. ಆಗ, "ಈ ಕೆಲಸ ಮುಗಿದ ಮೇಲೆ ಹೇಳುವೆನು" ಎನ್ನುತ್ತೇವೆ. ಹೇಳಿದ ಮಾತನ್ನು ನಡಿಸುತ್ತೇವೆ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ಈ ವಾರದಲ್ಲಿ ನಿಮ್ಮ ಮಗುವು ಕೇಳಿದ ಯಾವ ಪ್ರಶ್ನೆಗೆ ನೀವು ಗದರಿಸಿದಿರಿ?
2. ಅದೇ ಪ್ರಶ್ನೆಯನ್ನು ಮನೆಯಲ್ಲಿರುವ ವಸ್ತುಗಳಿಂದ ಪರೀಕ್ಷಿಸುವದು ಹೇಗೆ?
3. ಯಾವ ಸಮಯದಲ್ಲಿ ಮಗುವು ಕೂಡಲೇ ವಿಧೇಯವಾಗಬೇಕು? ಯಾವ ಸಮಯದಲ್ಲಿ "ಒಲ್ಲೆ" ಎನ್ನಬೇಕು?