ಹಾವೇರಿ ಸೀಮೆಯ ಪ್ರಾಚೀನ ಪ್ರಾಣಿಗಳು: ಪಳೆಯುಳಿಕೆ ಮತ್ತು ಎಲುಬಿನ ಸಾಕ್ಷ್ಯ

ಒಂದು ಪ್ರದೇಶದ ಸಾಂಸ್ಕೃತಿಕ ಇತಿಹಾಸವನ್ನು ಬರೆಯುವಾಗ ಮೊದಲ ಅಧ್ಯಾಯದಲ್ಲಿ ಭೂರಚನೆ, ನದಿ, ಹವಾಗುಣಗಳೊಡನೆ ಪ್ರಾಚೀನ ಪ್ರಾಣಿಗಳ ಪ್ರಸ್ತಾಪವೂ ಬರುವುದು ಸಹಜ. ಸ್ಥಳೀಯ ಆಧಾರಗಳು ಕೈಗೆ ಸಿಗದಿದ್ದಾಗ ಸಾಮಾನ್ಯ ವಿಜ್ಞಾನ ಗ್ರಂಥಗಳ ಮ್ಯಾಮತ್, ಡೈನೊಸಾರ್‌ಗಳ ಚಿತ್ರವನ್ನೇ ತಂದು ಆ ಜಾಗವನ್ನು ತುಂಬುವ ಅಪಾಯವಿರುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ಸಂಬಂಧಿಸಿದಂತೆ ಯಾವ ಪ್ರಾಣಿಯ ಬಗೆಗೆ ಯಾವ ಬಗೆಯ ಸಾಕ್ಷ್ಯವಿದೆ, ಅದರಿಂದ ಎಷ್ಟನ್ನು ಮಾತ್ರ ಹೇಳಲು ಸಾಧ್ಯ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ವಯಸ್ಸು

ಈ ಸೀಮೆಯ ತಳಶಿಲೆಗಳು ಭೂವಿಜ್ಞಾನದಲ್ಲಿ ಧಾರವಾಡ ಶಿಲಾವರ್ಗವೆಂದು ಪ್ರಸಿದ್ಧವಾದ ಪದರುಶಿಲೆಗಳು ಹಾಗೂ ಅವುಗಳೊಡನಿರುವ ಗ್ರಾನೈಟ್ ಜಾತಿಯ ಕಲ್ಲುಗಳು. ಈ ವರ್ಗಕ್ಕೆ ಧಾರವಾಡವೆಂಬ ಹೆಸರನ್ನು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್ (೧೮೩೪-೧೯೧೨). ಇವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಹೆಚ್ಚು. ಆ ಕಾಲದಲ್ಲಿ ಭೂಮಿಯ ಮೇಲೆ ಇದ್ದುದು ಸೂಕ್ಷ್ಮಜೀವಿಗಳು ಮಾತ್ರ. ಡೈನೊಸಾರ್‌ಗಳು ಅಳಿದದ್ದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಈ ತಾಲ್ಲೂಕುಗಳ ಬಂಡೆಗಳಲ್ಲಿ ಎಲುಬಿನ ಪಳೆಯುಳಿಕೆಯನ್ನು ಹುಡುಕುವುದು ವ್ಯರ್ಥ. ಪ್ರಾಣಿಗಳ ಅವಶೇಷ ಉಳಿದಿರಬಹುದಾದ ಸ್ಥಳಗಳೆಂದರೆ ಬಂಡೆಯ ಮೇಲೆ ಬಹು ತಡವಾಗಿ ಕೂಡಿಕೊಂಡ ನದಿಮೆಕ್ಕಲು ಮತ್ತು ಗರಸು. ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ನದಿಗಳ ದಂಡೆಗಳನ್ನು ಈ ದೃಷ್ಟಿಯಿಂದಲೇ ನೋಡಬೇಕಾಗುತ್ತದೆ.

ಮ್ಯಾಮತ್ ಎಂಬ ಹೆಸರಿನ ತೊಡಕು

ರೋಮಭರಿತ ಮ್ಯಾಮತ್ ಯುರೋಪು, ಸೈಬೀರಿಯ ಮತ್ತು ಉತ್ತರ ಅಮೆರಿಕಗಳ ಶೀತಪ್ರದೇಶದ ಪ್ರಾಣಿ. ಅದರ ಕೊನೆಯ ಸಂತತಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನವರೆಗೆ ಆರ್ಕ್ಟಿಕ್ ಸಾಗರದ ರಾಂಗೆಲ್ ದ್ವೀಪದಲ್ಲಿ ಬದುಕಿತ್ತು. ದಕ್ಷಿಣ ಭಾರತ ಅದರ ನೆಲೆಯಾಗಿರಲಿಲ್ಲ. ಭಾರತದಲ್ಲಿ ಅಳಿದುಹೋದ ಆನೆಜಾತಿಗಳು ಬೇರೆ. ಶಿವಾಲಿಕ್ ಬೆಟ್ಟಗಳಲ್ಲಿ ಸ್ಟೆಗೊಡಾನ್ ಮೊದಲಾದವುಗಳೂ, ನರ್ಮದಾ ಕಣಿವೆಯಲ್ಲಿ ನೀಳವಾದ ನೇರ ದಂತಗಳ ಪೇಲಿಯೊಲೊಕ್ಸೊಡಾನ್ ಎಂಬ ಬೃಹತ್ ಆನೆಯೂ ದೊರೆತಿವೆ. ನರ್ಮದಾ ಕಣಿವೆಯಲ್ಲಿ ನೀರಾನೆಯ ಅವಶೇಷಗಳೂ ಸಿಕ್ಕಿವೆ. ಕನ್ನಡ ಬರಹಗಳಲ್ಲಿ ಇವೆಲ್ಲವನ್ನೂ ‘ದೈತ್ಯ ಆನೆ’ ಎಂಬ ಒಂದೇ ಮಾತಿನಿಂದ ಕರೆದರೆ ಸೈಬೀರಿಯದ ಪ್ರಾಣಿಯೂ ನರ್ಮದೆಯ ಪ್ರಾಣಿಯೂ ಓದುಗನ ಮನಸ್ಸಿನಲ್ಲಿ ಒಂದಾಗಿಬಿಡುತ್ತವೆ. ಪಾರಿಭಾಷಿಕ ಪದಗಳ ವಿಷಯದಲ್ಲಿ ಅಧ್ಯಾಪಕರು ಎಚ್ಚರ ವಹಿಸಬೇಕಾದ ಎಡೆ ಇದು.

ಸಮೀಪದ ಪಳೆಯುಳಿಕೆಗಳು

ಈ ಸೀಮೆಗೆ ಸಮೀಪದ ಗಮನಾರ್ಹ ಶೋಧವೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಫೂಟ್ ಅವರಿಗೆ ದೊರೆತ ಖಡ್ಗಮೃಗದ ಅವಶೇಷಗಳು. ಅವುಗಳನ್ನು ಅವರು ‘ರೈನೊಸೆರಸ್ ಡೆಕ್ಕನೆನ್ಸಿಸ್’ ಎಂಬ ಹೊಸ ಪ್ರಭೇದವಾಗಿ ೧೮೭೪ರಲ್ಲಿ ವರ್ಣಿಸಿದರು. ಎರಡು ವರ್ಷಗಳ ಬಳಿಕ, ೧೮೭೬ರಲ್ಲಿ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಇಂದು ಅಸ್ಸಾಮಿನ ಹುಲ್ಲುಗಾವಲುಗಳ ಪ್ರಾಣಿಯೆಂದೇ ಪರಿಚಿತವಾದ ಖಡ್ಗಮೃಗದ ಕುಲ ಒಮ್ಮೆ ಘಟಪ್ರಭಾ ಕಣಿವೆಯಲ್ಲಿ ಸಂಚರಿಸಿತ್ತೆಂಬುದು ಅಂದಿನ ಹವಾಗುಣವನ್ನು ಊಹಿಸಲು ಮುಖ್ಯ ಆಧಾರ. ಈಗಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳೊಡನೆ ದನದ ಕುಲಕ್ಕೆ ಸೇರಿದ ಪ್ರಾಣಿಯ ಹಲ್ಲುಗಳು ದೊರೆತವು. ಅವುಗಳ ಎನಾಮಲಿನ ಪರೀಕ್ಷೆಯಿಂದ ಸುಮಾರು ೧೨ ಲಕ್ಷ ವರ್ಷಗಳ ಕಾಲಮಾನ ಸೂಚಿತವಾಯಿತು. ಇವೆರಡೂ ನದಿ-ಹಳ್ಳಗಳ ಕಣಿವೆಯ ನಿಕ್ಷೇಪಗಳಿಂದ ಬಂದವು ಎಂಬುದು ವರದಾ ಕಣಿವೆಯ ಅಧ್ಯಯನಕ್ಕೆ ದಿಕ್ಕು ತೋರುತ್ತದೆ. ಆದರೆ ಗೋಕಾಕದ ಖಡ್ಗಮೃಗವನ್ನು ಹಾನಗಲ್ಲಿನದೆಂದು ಬರೆಯಲು ಅದು ಆಧಾರವಾಗದು.

ಹಳ್ಳೂರಿನ ಎಲುಬುಗಳು

ಈ ಸೀಮೆಯ ಒಳಗಿನ ಸಾಕ್ಷ್ಯ ಸಿಕ್ಕಿರುವುದು ಹಳ್ಳೂರಿನಲ್ಲಿ. ಉತ್ಖನನದ ಕಾಲಕ್ಕೆ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಈ ನೆಲೆ ತುಂಗಭದ್ರೆಯ ಎಡದಂಡೆಯ ಮೇಲಿದೆ. ಎಂ.ಎಸ್. ನಾಗರಾಜರಾವ್ ಅವರು ೧೯೬೫ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ವರದಿ ೧೯೭೧ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಕೆಳಗೆ ನವಶಿಲಾಯುಗದ ಸ್ತರಗಳೂ, ಮೇಲೆ ಕಬ್ಬಿಣವನ್ನು ಬಲ್ಲ ಜನರ ಸ್ತರಗಳೂ ಇಲ್ಲಿ ಕಾಣಿಸಿಕೊಂಡವು.

ಹಳ್ಳೂರಿನ ಎಲುಬುಗಳನ್ನು ಪರೀಕ್ಷಿಸಿದವರು ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರ. ನವಶಿಲಾಯುಗದ ಸ್ತರದ ಎಲುಬುಗಳಲ್ಲಿ ಕುದುರೆಯದೂ ಇದೆ ಎಂದು ಅವರು ಗುರುತಿಸಿದ್ದು ವಿದ್ವತ್ ವಲಯದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಕುದುರೆಯನ್ನು ಭಾರತಕ್ಕೆ ತಂದವರು ಆರ್ಯಭಾಷಿಕರು ಎಂಬ ನಿಲುವಿಗೆ ಈ ಎಲುಬು ತೊಡಕಾಗಿ ಕಂಡದ್ದೇ ಅದಕ್ಕೆ ಕಾರಣ. ೧೯೯೨ರಲ್ಲಿ ಪ್ರಕಟವಾದ ಲೇಖನದಲ್ಲಿ ಆಲೂರರು ಈ ಪ್ರಶ್ನೆಗೆ ಮರಳಿದರು. ಗುಜರಾತಿನ ಸುರಕೋಟಡಾದ ಎಲುಬುಗಳ ಬಗೆಗೂ ಇಂಥದೇ ವಾದ ನಡೆಯಿತು. ಅಲ್ಲಿ ಕುದುರೆಯನ್ನು ಒಪ್ಪಿದ ಶಾಂದೋರ್ ಬೋಕೊನ್ಯಿ ಅವರ ನಿರ್ಣಯವನ್ನು ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಪ್ರಶ್ನಿಸಿದರು.

ವಾದದ ತಿರುಳು ಜನಾಂಗದ್ದಲ್ಲ, ವಿಧಾನದ್ದು. ಕುದುರೆ, ಕತ್ತೆ, ಕಾಡುಕತ್ತೆಗಳ ಹಲ್ಲು-ಎಲುಬುಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಮುರಿದ ಒಂದೆರಡು ತುಣುಕುಗಳಿಂದ ಪ್ರಭೇದವನ್ನು ನಿರ್ಧರಿಸುವುದು ಕಷ್ಟ. ಅಲ್ಲದೆ ಇಲಿ-ಹೆಗ್ಗಣಗಳ ಬಿಲ, ನಂತರದ ಕಾಲದ ಗುಂಡಿ ಮೊದಲಾದವುಗಳಿಂದ ಮೇಲಿನ ಸ್ತರದ ವಸ್ತು ಕೆಳಗೆ ಇಳಿದಿರಲೂಬಹುದು. ಆದ್ದರಿಂದ ಎಲುಬು ಯಾವ ಪ್ರಾಣಿಯದು, ಅದು ಯಾವ ಸ್ತರದ್ದು, ಆ ಸ್ತರದ ಕಾಲ ಯಾವುದು ಎಂಬ ಮೂರು ಪ್ರಶ್ನೆಗಳಿಗೂ ಬೇರೆಬೇರೆಯಾಗಿ ಉತ್ತರ ದೊರೆಯಬೇಕು.

ಭಾಷಾಧ್ಯಯನದವರಿಗೂ ಇದು ಅನ್ವಯಿಸುತ್ತದೆ. ‘ಕುದುರೆ’ಗೆ ತಮಿಳಿನಲ್ಲಿ ‘ಕುದಿರೈ’ ಎಂಬ ಜ್ಞಾತಿಪದವಿದೆ, ತೆಲುಗಿನಲ್ಲಿರುವುದು ‘ಗುರ್ರಮು’, ಸಂಸ್ಕೃತದ ‘ಅಶ್ವ’ ಇವೆರಡರಿಂದಲೂ ಬೇರೆ. ಕನ್ನಡಕ್ಕೆ ದೇಶ್ಯಪದವಿದೆ ಎಂಬ ಕಾರಣಕ್ಕೆ ಹಳ್ಳೂರಿನ ಎಲುಬು ಕುದುರೆಯದಾಗಲೇಬೇಕೆಂದಿಲ್ಲ. ಎಲುಬು ಕತ್ತೆಯದೆಂದು ನಿರ್ಧಾರವಾದರೆ ಆ ಪದದ ಪ್ರಾಚೀನತೆಯೂ ಕಡಿಮೆಯಾಗುವುದಿಲ್ಲ. ಪದದ ಇತಿಹಾಸ ಮತ್ತು ಪ್ರಾಣಿಯ ಇತಿಹಾಸ ಒಂದಕ್ಕೊಂದು ಪೂರಕವಾಗಬಹುದು, ಆದರೆ ಒಂದು ಮತ್ತೊಂದರ ಜಾಗದಲ್ಲಿ ನಿಂತು ಸಾಕ್ಷಿ ನುಡಿಯಲಾರದು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಈ ಸೀಮೆಯ ಬಂಡೆಗಳು ಎಲುಬುಳ್ಳ ಪ್ರಾಣಿಗಳಿಗಿಂತ ಬಹಳ ಹಳೆಯವು. ಎರಡನೆಯದು, ಕರ್ನಾಟಕದ ಅಳಿದ ಮಹಾಪ್ರಾಣಿಗಳ ಚರ್ಚೆಯನ್ನು ಮ್ಯಾಮತ್‌ಗಿಂತ ಗೋಕಾಕದ ಖಡ್ಗಮೃಗದಿಂದ ಆರಂಭಿಸುವುದು ಯುಕ್ತ. ಮೂರನೆಯದು, ಹಳ್ಳೂರಿನ ಎಲುಬುಗಳು ಪಳೆಯುಳಿಕೆಗಳಲ್ಲ, ಮನುಷ್ಯನ ನೆಲೆಯಲ್ಲಿ ಉಳಿದ ಪುರಾತತ್ವ ಸಾಮಗ್ರಿ.

ಬೃಹತ್ ಶಿಲಾಸಮಾಧಿಗಳನ್ನು ಜನರು ‘ಮೋರ್ಯರ ಮನೆ’ ಎಂದು ಕರೆದದ್ದನ್ನು ಕನ್ನಡದ ಸಂಶೋಧಕರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಅದೇ ಶ್ರದ್ಧೆ ಎಲುಬಿಗೂ ಸಲ್ಲಬೇಕು. ಕ್ಷೇತ್ರಕಾರ್ಯದಲ್ಲಿ ಹಳ್ಳದ ದಂಡೆಯಲ್ಲೋ ಬಾವಿ ತೋಡುವಲ್ಲೋ ಹಲ್ಲು, ಎಲುಬು ಕಂಡರೆ ಅದನ್ನು ಕಿತ್ತು ತರುವುದಕ್ಕೆ ಬದಲು ಸ್ಥಳ, ಆಳ, ಮಣ್ಣಿನ ಪದರ ಇವುಗಳನ್ನು ಬರೆದುಕೊಂಡು, ಚಿತ್ರ ತೆಗೆದು ಪುರಾತತ್ವ ಇಲಾಖೆಯ ಗಮನಕ್ಕೆ ತರುವುದು ಸೂಕ್ತ. ಸ್ಥಳದಿಂದ ಬೇರ್ಪಟ್ಟ ಎಲುಬು ತನ್ನ ಕಾಲವನ್ನು ಹೇಳುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿರುತ್ತದೆ.