ನಾಲ್ಕು ಗಾಲಿಯ ಡಬ್ಬಾ: ಹಳೆಯ ಗೂಡ್ಸ್ ವ್ಯಾಗನ್ನಿನ ಮಾದರಿ ಕಟ್ಟುವ ಪಾಠ



ಕಳೆದ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ರಟ್ಟಿನಲ್ಲಿ ಗೂಡ್ಸ್ ವ್ಯಾಗನ್ ಮಾಡಿ ತಂದಿದ್ದ. ಅಚ್ಚುಕಟ್ಟಾದ ಕೆಲಸ. ಕೆಳಗೆ 'ನಿಜಾಮ್ ಕಾಲದ ಗೂಡ್ಸ್ ವ್ಯಾಗನ್' ಎಂಬ ಚೀಟಿ ಅಂಟಿಸಿದ್ದ. ನಾವು ಅಧ್ಯಾಪಕರೆಲ್ಲ ಮೆಚ್ಚಿಕೊಂಡೆವು.

ಆ ಸಂಜೆ ಅವನು ಅದನ್ನು ಭಾಲ್ಕಿಗೆ ಒಯ್ದು ತನ್ನ ದಾದಾರ ಕೈಗೆ ಕೊಟ್ಟ. ಅವರು ಪ್ರಾಯದಲ್ಲಿ ಭಾಲ್ಕಿ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ಚೀಲ ಹೊರುವ ಹಮಾಲಿ ಮಾಡಿದವರು. ಈಗ ಕಣ್ಣು ಮಂಜು. ಮಾದರಿಯನ್ನು ಬೆರಳಿನಿಂದ ತಡವಿ ನೋಡಿ ಹೇಳಿದರು: 'ಚಲೋ ಮಾಡೀದಿ ಬೇಟಾ. ಆದ್ರ ಇದು ನಾವು ಚೀಲ ತುಂಬಿದ ಡಬ್ಬಾ ಅಲ್ಲ. ಅದಕ್ಕ ನಾಕೇ ಗಾಲಿ ಇದ್ದವು. ಎರಡೂ ತುದಿಗೆ ಎರಡೆರಡು ಬಫರ್ ಇದ್ದವು. ನೀ ಎಂಟು ಗಾಲಿ ಹಾಕೀದಿ.'

ಹುಡುಗ ಮರುದಿನ ಮುಖ ಸಣ್ಣಗೆ ಮಾಡಿಕೊಂಡು ಬಂದ. ತಪ್ಪು ಅವನೊಬ್ಬನದಲ್ಲ. ಇಂದಿನ ಗೂಡ್ಸ್ ಗಾಡಿಯನ್ನು ನೋಡಿ ಅವನು ಮಾದರಿ ಮಾಡಿದ್ದ, ಆದರೆ 'ಇದು ನಿನಗೆ ಹೇಗೆ ಗೊತ್ತು?' ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಂತರ ಆರೇಳು ವಿದ್ಯಾರ್ಥಿಗಳು ಸೇರಿ ಅದೇ ವ್ಯಾಗನ್ನನ್ನು ಮತ್ತೊಮ್ಮೆ ಕಟ್ಟಿದರು. ಅದರಿಂದ ನಾವು ಕಲಿತದ್ದು ಈ ಪಾಠ.

1. ಮೊದಲು ನಮ್ಮ ಲೈನಿನ ಇತಿಹಾಸ

ಹೈದರಾಬಾದ್ ಸಂಸ್ಥಾನದ ಮೊದಲ ರೈಲು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ವಾಡಿಯಲ್ಲಿ ಅದು ಬೊಂಬಾಯಿ ಕಡೆಯಿಂದ ರಾಯಚೂರಿಗೆ ಹೋಗುವ ಜಿ.ಐ.ಪಿ. ರೈಲ್ವೆಯ ಮುಖ್ಯ ಲೈನಿಗೆ ಸೇರುತ್ತಿತ್ತು. ಸುಮಾರು 1930ರ ಹೊತ್ತಿಗೆ ಈ ಲೈನಿನ ವಿಕಾರಾಬಾದಿನಿಂದ ಕವಲೊಡೆದು ಬೀದರಿಗೆ ಹಳಿ ಬಂತು. ಮುಂದೆ ಅದು ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ಮುಟ್ಟಿತು.

ಈ ಲೈನಿನ ಒಡೆಯರು ಕಾಲಕಾಲಕ್ಕೆ ಬದಲಾದರು. 1930ರವರೆಗೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂಬ ಕಂಪನಿ ಇತ್ತು. ಆ ವರ್ಷ ಸರ್ಕಾರ ಅದನ್ನು ಕೊಂಡಿತು, ಹೆಸರು ನಿಜಾಮ್ಸ್ ಸ್ಟೇಟ್ ರೈಲ್ವೆ ಎಂದಾಯಿತು. 1951ರಲ್ಲಿ ಅದು ಸೆಂಟ್ರಲ್ ರೈಲ್ವೆಗೆ ಸೇರಿತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಬೀದರ್ ಅದರ ಪಾಲಿಗೆ ಬಂತು.

ಮಾದರಿ ಮಾಡುವವರಿಗೆ ಈ ಇಸವಿಗಳು ಬೇಕೇ ಬೇಕು. ಹಳೆಯ ಫೋಟೋದಲ್ಲಿ ವ್ಯಾಗನ್ನಿನ ಮೇಲೆ 'ಎನ್.ಜಿ.ಎಸ್.ಆರ್.' ಎಂದಿದ್ದರೆ ಆ ಬರಹ 1930ಕ್ಕಿಂತ ಮೊದಲಿನದು, 'ಎನ್.ಎಸ್.ಆರ್.' ಎಂದಿದ್ದರೆ ನಂತರದ್ದು ಎಂದು ಮೊದಲ ಅಂದಾಜು ಮಾಡಬಹುದು. ಹೆಸರು ಬದಲಾದ ದಿನವೇ ಎಲ್ಲ ವ್ಯಾಗನ್ನುಗಳಿಗೂ ಬಣ್ಣ ಬಳಿಯುವುದಿಲ್ಲ, ಆದ್ದರಿಂದ ಕೆಲವು ವರ್ಷಗಳ ಆಚೀಚೆ ಇರಬಹುದು.

ಇನ್ನೊಂದು ಸಂಗತಿ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಲೈನು ಬ್ರಾಡ್‌ಗೇಜ್, 1676 ಮಿ.ಮೀ. ಆದರೆ ಅದೇ ಸಂಸ್ಥಾನದ ನಾಂದೇಡ, ಔರಂಗಾಬಾದ್ ಕಡೆಯ ಲೈನು ಮೀಟರ್‌ಗೇಜ್, 1000 ಮಿ.ಮೀ. ಇತ್ತು. ಭಾಲ್ಕಿಯಲ್ಲಿ ತುಂಬಿದ ವ್ಯಾಗನ್ ವಾಡಿ ದಾಟಿ ಬೊಂಬಾಯಿಯವರೆಗೆ ಹೋಗಬಲ್ಲದಾಗಿತ್ತು, ಪಕ್ಕದ ನಾಂದೇಡಿನ ಹಳಿಯ ಮೇಲೆ ಹೋಗಲಾರದಾಗಿತ್ತು. ನಿಮಗೆ ಸಿಕ್ಕ ಚಿತ್ರ ಯಾವ ಗೇಜಿನದು ಎಂದು ನೋಡದೆ ನಕಲು ಮಾಡಿದರೆ ಮಾದರಿಯೇ ತಪ್ಪಾಗುತ್ತದೆ.

2. ನಾಲ್ಕು ಕಾಲಮ್ಮಿನ ನೋಟ್‌ಬುಕ್

ನಮ್ಮ ತಂಡ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್ ಎಳೆಯಿತು: ಅಳೆದದ್ದು, ಚಿತ್ರದಲ್ಲಿ ಕಂಡದ್ದು, ಹಿರಿಯರಿಂದ ಕೇಳಿದ್ದು, ನಮ್ಮ ಊಹೆ. ವ್ಯಾಗನ್ನಿನ ಪ್ರತಿ ಭಾಗದ ಮಾಹಿತಿಯನ್ನೂ ಇವುಗಳಲ್ಲಿ ಒಂದರಲ್ಲಿ ಬರೆಯಲೇಬೇಕು. ನಾಲ್ಕು ಗಾಲಿ ಎಂಬುದು ಮೊದಲು ಮೂರನೇ ಕಾಲಮ್ಮಿನಲ್ಲಿತ್ತು. ಫೋಟೋ ಸಿಕ್ಕ ಮೇಲೆ ಎರಡನೆಯದಕ್ಕೂ ಬಂತು. ಎರಡು ಬೇರೆ ಆಧಾರಗಳು ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚುತ್ತದೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪೂ ಬೂದಿಬಣ್ಣವೂ ಒಂದೇ ತರಹ ಕಾಣಬಹುದು. ದಾದಾ 'ಕೆಮ್ಮಣ್ಣಿನ ಬಣ್ಣ' ಅಂದರು. ಅದನ್ನು 'ಕೇಳಿದ್ದು' ಎಂದೇ ಬರೆದು ಆ ಬಣ್ಣ ಹಚ್ಚಿದೆವು.

ಇನ್ನೊಂದು ಒಳ್ಳೆಯ ಆಧಾರ ಹಳೆಯ ರೈಲ್ವೆ ರಸೀದಿ, ವ್ಯಾಪಾರಿಗಳ ಬಾಯಲ್ಲಿ 'ಬಿಲ್ಟಿ'. ಎಲ್ಲಿಂದ ಎಲ್ಲಿಗೆ, ಯಾವ ಮಾಲು, ಎಷ್ಟು ತೂಕ, ಯಾವ ತಾರೀಖು, ವ್ಯಾಗನ್ ನಂಬರ್ ಯಾವುದು ಎಂಬುದು ಅದರಲ್ಲಿ ಸಿಗುತ್ತದೆ. ಗಂಜಿನ ಹಳೆಯ ಅಡತಿ ಅಂಗಡಿಗಳಲ್ಲಿ ಇಂಥ ಕಾಗದ ರದ್ದಿಗೆ ಹೋಗುವ ಮೊದಲು ಹಿರಿಯರ ಅನುಮತಿ ಕೇಳಿ ಫೋಟೋ ತೆಗೆದುಕೊಳ್ಳಿ.

3. ಫೋಟೋದಿಂದ ಉದ್ದ ಕಂಡುಹಿಡಿಯುವುದು

ಫೋಟೋದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಇದ್ದರೆ ಉಳಿದದ್ದು ಅನುಪಾತದ ಲೆಕ್ಕ. ಭಾರತದ ಬ್ರಾಡ್‌ಗೇಜಿನಲ್ಲಿ ಹಳಿಯಿಂದ ಬಫರಿನ ಮಧ್ಯಬಿಂದುವಿಗೆ ಎತ್ತರ ಹೆಚ್ಚೆಂದರೆ 1105 ಮಿ.ಮೀ., ಕಡಿಮೆ ಎಂದರೆ 1030 ಮಿ.ಮೀ. ಇರಬೇಕು ಎಂಬ ನಿಯಮವಿದೆ. ಖಾಲಿ ವ್ಯಾಗನ್ ಎತ್ತರದಲ್ಲಿರುತ್ತದೆ, ತುಂಬಿದ್ದು ಸ್ಪ್ರಿಂಗ್ ಕುಗ್ಗಿ ಕೆಳಗಿಳಿಯುತ್ತದೆ.

ವ್ಯಾಗನ್ನಿನ ನೇರ ಪಕ್ಕದಿಂದ ತೆಗೆದ ಫೋಟೋದಲ್ಲಿ ಬಫರ್ ಎತ್ತರ 17 ಮಿ.ಮೀ., ಡಬ್ಬದ ಉದ್ದ 100 ಮಿ.ಮೀ. ಬಂತು ಎನ್ನಿ.

ಖಾಲಿ ಎಂದಾದರೆ: 1105 ÷ 17 = 65. ಉದ್ದ 65 × 100 = 6500 ಮಿ.ಮೀ.

ಪೂರ್ತಿ ತುಂಬಿದ್ದರೆ: 1030 ÷ 17 = 60.6. ಉದ್ದ ಸುಮಾರು 6060 ಮಿ.ಮೀ.

ಉತ್ತರ ಒಂದೇ ಸಂಖ್ಯೆಯಲ್ಲ, 6.06ರಿಂದ 6.5 ಮೀಟರಿನ ನಡುವೆ ಎಲ್ಲೋ ಇದೆ. ಪ್ರಯೋಗಾಲಯದಲ್ಲಿ ನೀವು ಬರೆಯುವ 'ದೋಷದ ಮಿತಿ' ಇದೇ. ಇದನ್ನು ಕಿರಿದು ಮಾಡಲು ಫೋಟೋದಲ್ಲಿ ಗಾಲಿಯ ಮೇಲಿನ ಪಟ್ಟಿ ಸ್ಪ್ರಿಂಗ್ ನೋಡಿ. ಚೆನ್ನಾಗಿ ಬಾಗಿದ್ದರೆ ಡಬ್ಬಾ ಖಾಲಿ, ಚಪ್ಪಟೆಯಾಗಿದ್ದರೆ ತುಂಬಿದೆ. ಓರೆಯಾಗಿ ತೆಗೆದ ಫೋಟೋಕ್ಕೆ ಈ ಲೆಕ್ಕ ನಡೆಯದು, ಏಕೆಂದರೆ ದೂರದ ತುದಿ ಸಣ್ಣದಾಗಿ ಕಾಣುತ್ತದೆ.

4. ಯಾವ ಪ್ರಮಾಣದಲ್ಲಿ ಕಟ್ಟಬೇಕು?

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲಿನ ಪ್ರಮಾಣ 'ಎಚ್‌ಓ', ಅಂದರೆ 1:87. ಅದರ ಹಳಿಯ ಅಂತರ 16.5 ಮಿ.ಮೀ. ಆದರೆ ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. 1:87ರಲ್ಲಿ ಕಟ್ಟಿ 16.5ರ ಹಳಿಯ ಮೇಲೆ ಇಟ್ಟರೆ ನಮ್ಮ ಅಗಲ ಗೇಜಿನ ವ್ಯಾಗನ್ ಇಕ್ಕಟ್ಟಾದ ಹಳಿಯ ಮೇಲೆ ನಿಂತಂತೆ ಕಾಣುತ್ತದೆ.

ತಿರುಗಿಸಿ ಲೆಕ್ಕ ಮಾಡಿ: 1676 ÷ 16.5 = 101.6. ಅಂದರೆ 1:100ರಲ್ಲಿ ಕಟ್ಟಿದರೆ ಪೇಟೆಯಲ್ಲಿ ಸಿಗುವ ಹಳಿ ನಮ್ಮ ಬ್ರಾಡ್‌ಗೇಜಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ವ್ಯತ್ಯಾಸ ಶೇ. 2ಕ್ಕಿಂತ ಕಡಿಮೆ. ಲೆಕ್ಕವೂ ಸುಲಭ: ಒಂದು ಮೀಟರ್ ಒಂದು ಸೆಂಟಿಮೀಟರ್ ಆಗುತ್ತದೆ. 6.5 ಮೀಟರಿನ ಡಬ್ಬಾ 65 ಮಿ.ಮೀ., ಬಫರ್ 11 ಮಿ.ಮೀ. ಎತ್ತರದಲ್ಲಿ.

5. ಕಟ್ಟುವ ಕೆಲಸ

ನಮ್ಮ ಕಚ್ಚಾ ವಸ್ತು ಮದುವೆಯ ಆಮಂತ್ರಣ ಪತ್ರಿಕೆಗಳ ದಪ್ಪ ಕಾಗದ, ಬೆಂಕಿಕಡ್ಡಿ, ಫೆವಿಕಾಲ್.

ಮೊದಲು ನಾಲ್ಕು ಗೋಡೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕತ್ತರಿಸುವ ಮೊದಲೇ ಕಾಗದದ ಹಿಂಬದಿಯಿಂದ ಕೈವಾರದ ಮೊನೆಯನ್ನು ಮೆಲ್ಲಗೆ ಒತ್ತಿ. ಮುಂದೆ ಸಣ್ಣ ಗುಬ್ಬಿ ಏಳುತ್ತದೆ, ಅದೇ ರಿವೆಟ್. ಸಾಲು ನೇರವಾಗಿರಲು ಅಡಿಪಟ್ಟಿ ಇಟ್ಟುಕೊಳ್ಳಿ. ನಂತರ ಕತ್ತರಿಸಿ ಅಂಟಿಸಿ, ಕೊನೆಗೆ ಚಾವಣಿಯನ್ನು ಪೆನ್ನಿನ ಮೇಲೆ ಉರುಳಿಸಿ ಬಾಗಿಸಿ ಕೂಡಿಸಿ.

ಶೋಕೇಸಿನಲ್ಲಿ ಇಡುವ ಮಾದರಿಗೆ ಅಂಗಿಯ ಗುಂಡಿಯೇ ಗಾಲಿ ಆಗುತ್ತದೆ. ಓಡಬೇಕಾದರೆ ಗಾಲಿಯ ಒಳಬದಿಗೆ ಅಂಚು ಬೇಕು, ಹಳಿ ಬಿಡದಂತೆ ತಡೆಯುವುದು ಅದೇ. ಅಂಥ ಗಾಲಿಯನ್ನು ಕೊಂಡು ತರುವುದೇ ಒಳ್ಳೆಯದು.

ಎರಡನೇ ಮಾದರಿಯನ್ನೂ ದಾದಾರ ಕೈಗೆ ಕೊಟ್ಟೆವು. ಬೆರಳು ರಿವೆಟ್ಟಿನ ಮೇಲೆ ಓಡಿತು, ಬಫರ್ ಮುಟ್ಟಿತು, ಗಾಲಿಯ ಹತ್ತಿರ ನಿಂತಿತು. 'ಎಣ್ಣಿ ಡಬ್ಬಿ ಎಲ್ಲಿ?' ಎಂದರು.

ಅವರು ಕೇಳಿದ್ದು ಆಕ್ಸಲ್ ಬಾಕ್ಸ್. ಹಳೆಯ ವ್ಯಾಗನ್ನಿನಲ್ಲಿ ಅಚ್ಚಿನ ತುದಿ ಹಿತ್ತಾಳೆಯಂಥ ಲೋಹದ ಬೇರಿಂಗಿನ ಕೆಳಗೆ ತಿರುಗುತ್ತಿತ್ತು. ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ನೆನೆದ ನೂಲು ಇರುತ್ತಿತ್ತು. ಎಣ್ಣೆ ಒಣಗಿದರೆ ಘರ್ಷಣೆಯಿಂದ ಅಚ್ಚು ಕಾದು ಹೊಗೆ ಏಳುತ್ತಿತ್ತು. ರೈಲ್ವೆಯವರು ಅದನ್ನು 'ಹಾಟ್ ಆಕ್ಸಲ್' ಎನ್ನುತ್ತಾರೆ. ಆದ್ದರಿಂದ ಗಾಡಿ ನಿಂತಾಗ ಪೆಟ್ಟಿಗೆಗಳನ್ನು ಪರೀಕ್ಷಿಸಿ ಎಣ್ಣೆ ಹಾಕಬೇಕಾಗಿತ್ತು. ಮುಂದೆ ರೋಲರ್ ಬೇರಿಂಗ್ ಬಂದು ಆ ಕೆಲಸ ತಪ್ಪಿತು. ಫೋಟೋದಲ್ಲಿ ಆ ಪೆಟ್ಟಿಗೆ ನೆರಳಿನಲ್ಲಿ ಮುಚ್ಚಿಹೋಗಿತ್ತು, ನಾವು ಬಿಟ್ಟುಬಿಟ್ಟಿದ್ದೆವು. ಮರುದಿನ ಬೆಂಕಿಕಡ್ಡಿಯ ನಾಲ್ಕು ತುಂಡು ಅಂಟಿಸಿದೆವು.

6. ತೂಕ: ಭೌತಶಾಸ್ತ್ರದ ಒಂದು ಪ್ರಶ್ನೆ

ಖಾಲಿ ವ್ಯಾಗನ್ 10 ಟನ್ ಎಂದಿಟ್ಟುಕೊಳ್ಳಿ. 1:100ರ ಮಾದರಿ ಎಷ್ಟು ತೂಗಬೇಕು? ಉದ್ದ, ಅಗಲ, ಎತ್ತರ ಮೂರೂ ನೂರರಲ್ಲಿ ಒಂದು ಪಾಲಾದ್ದರಿಂದ ಗಾತ್ರ ಹತ್ತು ಲಕ್ಷದಲ್ಲಿ ಒಂದು ಪಾಲು. 10,000 ಕೆ.ಜಿ.ಯನ್ನು 10,00,000ದಿಂದ ಭಾಗಿಸಿದರೆ 10 ಗ್ರಾಂ!

ಆದರೆ 10 ಗ್ರಾಮಿನ ಮಾದರಿ ಓಡಿಸಿದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಎಚ್‌ಓ ವ್ಯಾಗನ್ನಿಗೆ ಮೊದಲು ಒಂದು ಔನ್ಸ್, ಮೇಲೆ ಪ್ರತಿ ಇಂಚಿಗೆ ಅರ್ಧ ಔನ್ಸ್ ತೂಕ ಇರಲಿ ಎನ್ನುತ್ತದೆ. ನಮ್ಮ ಹಳಿಯೂ ಅದೇ ಆದ್ದರಿಂದ ಆ ಲೆಕ್ಕ ಹಿಡಿದರೆ 65 ಮಿ.ಮೀ. ಡಬ್ಬಕ್ಕೆ ಸುಮಾರು 65 ಗ್ರಾಂ, ಅಂದರೆ ಆರು ಪಟ್ಟಿಗೂ ಹೆಚ್ಚು. ಕಾರಣ ಏನೆಂದರೆ ವ್ಯಾಗನ್ ಸಣ್ಣದಾಯಿತು, ಆದರೆ ಹಳಿಯ ಜೋಡಣೆಯ ಉಬ್ಬುತಗ್ಗು ಮತ್ತು ಅಚ್ಚಿನ ಘರ್ಷಣೆ ಅದೇ ಪ್ರಮಾಣದಲ್ಲಿ ಸಣ್ಣದಾಗುವುದಿಲ್ಲ. ನಾವು ನೆಲದ ಮೇಲೆ ಕಬ್ಬಿಣದ ನಟ್ಟುಗಳನ್ನು ಅಂಟಿಸಿದೆವು.

7. ನಿಮಗೆ ಕೆಲಸ

ಬೀದರಿನವರು: ಗಾಂಧಿ ಗಂಜಿನಲ್ಲಿ ಹಳೆಯ ಬಿಲ್ಟಿ ಇದ್ದವರನ್ನು ಕೇಳಿ. ಭಾಲ್ಕಿಯವರು: ರೈಲ್ವೆಯಲ್ಲಿ ದುಡಿದ ಹಿರಿಯರೊಬ್ಬರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಪಡೆದೇ. ಔರಾದಿನವರು: ನಿಮ್ಮ ಪಟ್ಟಣಕ್ಕೆ ರೈಲಿಲ್ಲ, ಆದ್ದರಿಂದ ನಿಮ್ಮ ಪ್ರಶ್ನೆ ಬೇರೆ. ನಿಮ್ಮ ಊರಿನ ಜೋಳ, ತೊಗರಿ ರೈಲು ಹತ್ತಲು ಕಮಲನಗರಕ್ಕೆ ಹೋಗುತ್ತಿತ್ತೇ, ಹೇಗೆ ಹೋಗುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಒಂದು ಎಚ್ಚರಿಕೆ: ಅಳತೆ, ಫೋಟೋ ಎಂದು ಯಾರೂ ಹಳಿಯ ಮೇಲೆ ಇಳಿಯಬೇಡಿ. ಅದು ಅಪರಾಧ, ಪ್ರಾಣಕ್ಕೂ ಅಪಾಯ. ಸ್ಟೇಷನ್ ಮಾಸ್ಟರರನ್ನು ಕೇಳಿ ಪ್ಲಾಟ್‌ಫಾರ್ಮಿನಿಂದಲೇ ನೋಡಿ.

ನಮ್ಮ ವ್ಯಾಗನ್ ಈಗ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿದೆ. ಅದರ ಗೋಡೆಯ ಮೇಲೆ ನಂಬರೂ ಇಲ್ಲ, ಅಕ್ಷರವೂ ಇಲ್ಲ. ಬಂದವರು 'ಹೆಸರು ಯಾಕೆ ಬರೆದಿಲ್ಲ?' ಎಂದು ಕೇಳುತ್ತಾರೆ. ಆಧಾರ ಸಿಕ್ಕ ದಿನ ಬರೆಯುತ್ತೇವೆ ಎಂದು ಆ ಹುಡುಗ ಉತ್ತರ ಕೊಡುತ್ತಾನೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥ ಒಂದು ಫೋಟೋ ಇದ್ದರೆ ತಂದು ತೋರಿಸಿ.