ಕೂಡಿಗೆಗೆ ಹಂಪ್ ಹಾಕಿದರೆ ಸಾಕೆ?

ಪ್ರಶ್ನೆ: ನಮ್ಮೂರ ರಸ್ತೆ ಹೆದ್ದಾರಿ 75ಕ್ಕೆ ಸೇರುವ ಕೂಡಿಗೆಯಲ್ಲಿ ಪದೇ ಪದೇ ಅಪಘಾತ. ದೊಡ್ಡ ಹಂಪ್ ಹಾಕಿಸಿ ಎಂದು ಅರ್ಜಿ ಕೊಡಬೇಕೆಂದಿದ್ದೇವೆ. ಸರಿಯೇ?
– ಓದುಗರೊಬ್ಬರು, ಆಲೂರು ತಾಲ್ಲೂಕು

ಉತ್ತರ: ಅರ್ಜಿ ಕೊಡಿ, ಹಂಪ್ ಮಾತ್ರ ಕೇಳಬೇಡಿ. ರಾಷ್ಟ್ರೀಯ ಹೆದ್ದಾರಿಯ ಹಂಪ್‌ಗಳನ್ನು ತೆಗೆಸಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ 2016ರಲ್ಲಿ ಸೂಚಿಸಿದೆ. ಆಷಾಢದ ಮಂಜಿನಲ್ಲಿ ಬಣ್ಣ ಅಳಿಸಿದ ಹಂಪ್ ಟ್ಯಾಂಕರ್ ಚಾಲಕನಿಗೆ ಗೊತ್ತಾಗುವುದು ಅದರ ಮೇಲೆ ಹತ್ತಿದಾಗ. ಅವನು ದಿಢೀರ್ ಬ್ರೇಕ್ ಒತ್ತಿದರೆ ಹಿಂದೆ ಬರುವ ಬೈಕಿನವನ ಪಾಡೇನು?

ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡ್ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲೇ 55 ಮೀಟರ್ ಹೋಯಿತು. ಪೂರ್ತಿ ನಿಲ್ಲಲು 120 ಮೀಟರಿಗೂ ಹೆಚ್ಚು ಬೇಕು. ಮಳೆಯಲ್ಲಿ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ನಿಮ್ಮ ಕೂಡಿಗೆಯಲ್ಲಿ ನಿಂತು ನೋಡಿ, ಎರಡೂ ಕಡೆ ಅಷ್ಟು ದೂರ ಕಾಣುತ್ತದೆಯೇ? ಲಂಟಾನ, ಬೇಲಿಯಂಚಿನ ಸಿಲ್ವರ್ ಓಕ್, ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಅಡ್ಡ ಬಂದಿದ್ದರೆ ಮೊದಲು ಅವು ಹೋಗಲಿ. ಇಷ್ಟು ಅಗ್ಗದ ಪರಿಹಾರ ಬೇರೆ ಇಲ್ಲ.

ಊರ ರಸ್ತೆ ಓರೆಯಾಗಿ ಬಂದು ಸೇರಿದರೆ ಅದನ್ನು ಲಂಬ ಕೋನಕ್ಕೆ ತಿರುಗಿಸಬೇಕು, ಆಗ ಕತ್ತು ಹೊರಳಿಸಿ ಹಿಂದೆ ನೋಡುವ ಕಷ್ಟ ತಪ್ಪುತ್ತದೆ. ಹಂಪ್ ಇರಬೇಕಾದದ್ದು ಈ ಊರ ರಸ್ತೆಯ ತುದಿಯಲ್ಲಿ. ಬಲಕ್ಕೆ ತಿರುಗುವವರು ಕಾಯಲು ಹೆದ್ದಾರಿಯಲ್ಲಿ ಪ್ರತ್ಯೇಕ ಪಥ, ತೋಟದ ಆಳುಗಳು ಎರಡು ಹಂತದಲ್ಲಿ ದಾಟಲು ನಡುವೆ ನಿಲ್ಲುವ ಜಾಗ, ರಾತ್ರಿಗೆ ದೀಪ ಬೇಕು. ಬಸ್ ತಂಗುದಾಣ ಕೂಡಿಗೆ ದಾಟಿದ ಮೇಲಿರಲಿ. ಮುಂಚೆ ಇದ್ದರೆ ನಿಂತ ಬಸ್ಸೇ ಗೋಡೆಯಾಗುತ್ತದೆ.

ಡಿವೈಡರ್ ಮುಚ್ಚಿಬಿಡೋಣ ಎಂಬ ಸಲಹೆಯೂ ಬಂದೀತು. ಎಚ್ಚರ! ಯೂ ಟರ್ನ್ ಒಂದೆರಡು ಕಿಲೋಮೀಟರ್ ದೂರವಿದ್ದರೆ ನಮ್ಮ ಜನ ಎದುರು ದಿಕ್ಕಿನಲ್ಲೇ ಸ್ಕೂಟರ್ ಓಡಿಸುತ್ತಾರೆ. ಅದು ಅವರ ಹಟ ಎನ್ನುವುದಕ್ಕಿಂತ ವಿನ್ಯಾಸದ ದೋಷ ಎಂಬುದು ನನ್ನ ಅಭಿಪ್ರಾಯ.

500 ಮೀಟರ್ ಅಂತರದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದು ‘ಬ್ಲ್ಯಾಕ್ ಸ್ಪಾಟ್’. ನಿರ್ದಯ ಲೆಕ್ಕ. ಅಲ್ಲಿಯವರೆಗೆ ಕಾಯದೆ ಹೆದ್ದಾರಿ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿಗೂ ಬರೆಯಿರಿ. ಅಪಘಾತವಾದಾಗ ಎಫ್‌ಐಆರ್‌ನಲ್ಲಿ ‘ಬಾಳ್ಳುಪೇಟೆ ಹತ್ತಿರ’ ಎಂದಷ್ಟೇ ಇರದೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯೂ ದಾಖಲಾಗುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಜಾಗದ ಅಪಘಾತಗಳು ಕಡತದಲ್ಲಿ ಚದುರಿಹೋಗುತ್ತವೆ.